ಭಂಕೂರದ ನೀರು ಕುಡಿದ ರೆಗ್ಯುಲೇಟರ್

ನಮ್ಮ ಮುಳುಗುಗಾರರ ತಂಡದ ಹಿರಿಯರಾದ ಗುರುಲಿಂಗಯ್ಯ ಸರ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೌಲಾಲಿಯ ಹೆಂಡತಿ ಆಶಾಬಿ ಅಕ್ಕ, ವಾಡಿ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಕೆಲಸ ಬಿಟ್ಟು ಅವನ ಶ್ರದ್ಧಾಂಜಲಿ ಸಭೆಗೆ ಶಹಾಬಾದಿಗೆ ಬಂದಿರುವ ಎಲ್ಲರೇ — ನಿಮಗೆಲ್ಲ ಶರಣು. ಹಿಂದಿನ ಸಾಲಿನಲ್ಲಿ ಸೇಡಂನ ಸಾಬಮ್ಮನವರೂ ಇದ್ದಾರೆ. ಅವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ — ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಭೀಮಶ್ಯಾ, ಭಂಕೂರದವನು. ಮೌಲಾಲಿಯ ಜೊತೆ ಹನ್ನೊಂದು ವರ್ಷ ನೀರಿಗಿಳಿದವನು. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನೀರು ನಿಲ್ಲುತ್ತದೆ, ಅದರಲ್ಲಿ ಯಾರಾದರೂ ಮುಳುಗಿದರೆ ನಮಗೆ ಫೋನ್ ಬರುತ್ತದೆ, ನಾವು ಹೋಗಿ ತೆಗೆಯುತ್ತೇವೆ. ಇಷ್ಟೇ ನಮ್ಮ ಕೆಲಸ.

ನನಗಿಂತ ಮೊದಲು ಮಾತಾಡಿದವರೆಲ್ಲ ಮೌಲಾಲಿಯನ್ನು ದೇವರಂಥ ಮನುಷ್ಯ ಅಂದರು. ಅದನ್ನೇ ಹೇಳಲು ನಾನೂ ಚೀಟಿ ಬರೆದುಕೊಂಡು ಬಂದಿದ್ದೆ. ಚೀಟಿ ಜೇಬಿನಲ್ಲೇ ಇರಲಿ. ನಾನು ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಮಾತಾಡುತ್ತೇನೆ.

ಹೌದು, ಹೊಟ್ಟೆಕಿಚ್ಚು. ಈಜಿನಲ್ಲಿ ನಾನು ಅವನಿಗಿಂತ ಮೇಲು — ಗುರುಲಿಂಗಯ್ಯ ಸರ್, ನೀವೇ ಹೇಳಿ, ಮೇಲೋ ಅಲ್ಲವೋ? ತಲೆ ಆಡಿಸಿದರು, ನೋಡಿದಿರಲ್ಲ. ಆದರೂ ಕಾರವಾರದ ಸಮುದ್ರದಲ್ಲಿ ತರಬೇತಿಗೆ ಒಬ್ಬರನ್ನು ಕಳಿಸಬೇಕಾದಾಗ ಅವನನ್ನು ಕಳಿಸಿದರು. ಬರುವಾಗ ಅವನ ಕೈಯಲ್ಲಿ ಈ ಬ್ಯಾಗು ಇತ್ತು. ಇಗೋ, ಅವನ ಫೋಟೋದ ಮುಂದೆ ಮೇಜಿನ ಮೇಲಿದೆ. ಒಳಗೆ ರೆಗ್ಯುಲೇಟರ್ ಇದೆ. ಸಿಲಿಂಡರಿನ ಗಾಳಿಯನ್ನು ಹದ ಮಾಡಿ ಬಾಯಿಗೆ ಕೊಡುವ ಯಂತ್ರ. ಅದಿಲ್ಲದಿದ್ದರೆ ಬೆನ್ನ ಮೇಲೆ ಎಷ್ಟು ಗಾಳಿ ಇದ್ದರೂ ನೀರೊಳಗೆ ಒಂದು ಉಸಿರೂ ನಮ್ಮದಲ್ಲ. ತಂಡಕ್ಕೆಲ್ಲ ಇದೊಂದೇ; ಸರದಿಯ ಮೇಲೆ ಇದನ್ನೇ ಬಾಯಿಗಿಟ್ಟು ಇಳಿಯುತ್ತಿದ್ದೆವು, ಇಟ್ಟುಕೊಳ್ಳುವವನು ಮಾತ್ರ ಅವನು.

ಊರಿನವರಿಗೆ ರೆಗ್ಯುಲೇಟರ್ ಅಂದರೆ ಫ್ಯಾನಿನದು. ಆದಿತ್ಯನಗರದಿಂದ ಒಬ್ಬರು ತಮ್ಮ ಮನೆಯ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಕೊಂಡು ಇವನ ಮನೆಗೆ ಬಂದರು, ರಿಪೇರಿ ಮಾಡಿಕೊಡಿ ಅಂತ. ನಾವು ನಕ್ಕೆವು. ಇವನು ನಗಲಿಲ್ಲ, ಕೂತು ರಿಪೇರಿ ಮಾಡಿಕೊಟ್ಟ! ಅವತ್ತಿನಿಂದ ಅವನು ಎಲ್ಲರಿಗೂ 'ರೆಗ್ಯುಲೇಟರ್ ಮೌಲಾಲಿ'. ನನಗೆ ಹನ್ನೊಂದು ವರ್ಷದಲ್ಲಿ ಯಾರೂ ಒಂದು ಅಡ್ಡಹೆಸರೂ ಇಡಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಈ ಬ್ಯಾಗನ್ನು ಅವನು ಹೇಗೆ ಕಟ್ಟುತ್ತಿದ್ದ ಅನ್ನುತ್ತೀರಿ! ಕೊಳವೆಗಳನ್ನು ಹೀಗೆ — ದೊಡ್ಡ ಸುತ್ತು, ಎಲ್ಲೂ ಮಡಿಕೆ ಬೀಳಬಾರದು. ಬಾಯಿಗಿಡುವ ರಬ್ಬರಿನ ಮೇಲೆ ಭಾರ ಬೀಳಬಾರದು. ಸುತ್ತಲೂ ಆಶಾಬಿ ಅಕ್ಕ ಹೊಲಿದುಕೊಟ್ಟ ಪುಟ್ಟ ಕೌದಿ. ನನಗೂ ಒಂದು ಹೊಲಿದುಕೊಡು ಎಂದು ನನ್ನ ಹೆಂಡತಿ ನೀಲಾಬಾಯಿಗೆ ಹೇಳಿದೆ. ಅದರಾಗ ಏನ್ ಇಡ್ತೀ ಅಂತ ಕೇಳಿದಳು. ಇಡಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲೆ, ರೈಲಿನಲ್ಲಿ ತೊಡೆಯ ಮೇಲೆ. ಒಮ್ಮೆ ವಾಡಿಯಲ್ಲಿ ರೈಲು ಹತ್ತಿದಾಗ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ. ನಾನು ಉಬ್ಬಿ ಹೋದೆ, ಹಿರಿಯ ಅಂತ ಮರ್ಯಾದೆ ಕೊಟ್ಟ ಅಂತ. ಅರ್ಧ ದಾರಿಗೆ ಗೊತ್ತಾಯಿತು — ಕಿಟಕಿಯಲ್ಲಿ ಬಿಸಿಲು ಬೀಳುತ್ತದೆ, ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆ. ಬ್ಯಾಗಿಗೆ ನೆರಳು ಬೇಕು ಅಂತ ಬಿಸಿಲಿನಲ್ಲಿ ನನ್ನನ್ನು ಕೂರಿಸಿದ್ದ. ನಗಬೇಡಿ, ನನಗೆ ಅವತ್ತು ಬಹಳ ಸಿಟ್ಟು ಬಂದಿತ್ತು.

ಇನ್ನು ನೀರಿನ ವಿಷಯ. ನಮ್ಮದು ಸುಣ್ಣಕಲ್ಲಿನ ಸೀಮೆ. ನಮ್ಮ ಬಾವಿಯ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮೌಲಾಲಿ ಆ ನೀರನ್ನು ರೆಗ್ಯುಲೇಟರಿಗೆ ಸೋಕಿಸುತ್ತಿರಲಿಲ್ಲ. ಮಳೆ ಬಂದರೆ ತಗಡಿನ ಕೆಳಗೆ ಕ್ಯಾನಿಟ್ಟು ಹಿಡಿಯುತ್ತಿದ್ದ, ಅದೇ ನೀರಿನಲ್ಲಿ ತೊಳೆಯುತ್ತಿದ್ದ. ನಾವು ಬಾವಿಯ ನೀರು ಕುಡಿದು ಬೆಳೆದವರು, ಈ ಯಂತ್ರ ಮಾತ್ರ ಮಳೆಯ ನೀರು ಕುಡಿಯಬೇಕು! ಎಂಥ ನವಾಬ!

ಮೂರು ವರ್ಷದ ಹಿಂದೆ ಅವನಿಗೆ ಜ್ವರ ಬಂತು. ಬ್ಯಾಗು ಒಂದು ವಾರ ನನ್ನ ಮನೆಗೆ ಬಂತು. ಕೊಡುವಾಗ ಜ್ವರದಲ್ಲೇ ಹೇಳಿದ:

"ಭೀಮಶ್ಯಾ, ಇದಕ್ಕ ಬಾವಿ ನೀರ್ ತೋರಸಬ್ಯಾಡ. ಮಳಿ ನೀರಾಗ ತೊಳಿ. ಗಾಳಿ ಬರೋ ಬಾಯಿಗಿ ಮುಚ್ಚಳಾ ಹಾಕೇ ತೊಳಿಬೇಕು. ನೀರಾಗ ಇದ್ದಾಗ ಗುಂಡಿ ಒತ್ತಬ್ಯಾಡ. ನೆರಳಿನಾಗ ಒಣಗ್ಲಿ."

ಆಯ್ತು ಅಂದೆ. ಮನೆಗೆ ಹೋದೆ. ಬೇಕಂತಲೇ — ಕೇಳಿ, ಮರೆತು ಅಲ್ಲ, ಬೇಕಂತಲೇ — ಬಕೆಟ್ಟಿಗೆ ಭಂಕೂರದ ಬಾವಿಯ ನೀರು ತುಂಬಿದೆ. ಮುಚ್ಚಳ ತೆಗೆದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನೆನೆಹಾಕಿದೆ. ಮರುದಿನ ಬಿಸಿಲಿಗೆ ಒಣಗಿಸಿದೆ. ನನಗೆ ಸಾಲುವ ನೀರು ಇದಕ್ಕೆ ಯಾಕೆ ಸಾಲದು, ನೋಡಿಯೇ ಬಿಡೋಣ ಅಂತ. ಅವನನ್ನು ಸಾಯಿಸಬೇಕು ಅಂತ ಅಲ್ಲ, ಬಸವಣ್ಣನ ಆಣೆ. ಅವನು ಇಷ್ಟೆಲ್ಲ ಮಾಡುವುದು ಬರೀ ದೊಡ್ಡಸ್ತಿಕೆ ಅಂತ ಎಲ್ಲರಿಗೂ ತೋರಿಸಬೇಕಿತ್ತು. ಆಮೇಲೆ ಅವನ ಹಾಗೆಯೇ ಚಂದ ಸುತ್ತಿ, ಕೌದಿ ಹೊದಿಸಿ, ವಾಪಸ್ ಕೊಟ್ಟೆ.

ಎರಡು ದಿನಕ್ಕೆ ಸೇಡಂ ಹತ್ತಿರದ ಖಣಿಯಿಂದ ಫೋನ್ ಬಂತು. ಸಾಬಮ್ಮನವರ ತಮ್ಮ ಮುಳುಗಿ ಜೀವ ಬಿಟ್ಟಿದ್ದ, ದೇಹ ಇನ್ನೂ ನೀರಿನಲ್ಲೇ ಇತ್ತು. ನಾವು ಅಲ್ಲಿಗೆ ಮುಟ್ಟುವಾಗ ಈ ತಾಯಿ ದಂಡೆಯ ಕಲ್ಲಿನ ಮೇಲೆ ಕುಳಿತಿದ್ದರು. ಮೌಲಾಲಿ ಸಿಲಿಂಡರಿಗೆ ರೆಗ್ಯುಲೇಟರ್ ಹಾಕಿ ತಿರುವಿದ. ಸುಯ್ಯ್ — ಗಾಳಿ ಹರಿಯಲು ಶುರುವಾಯಿತು, ನಿಲ್ಲಲೇ ಇಲ್ಲ. ಬಿಚ್ಚಿದ. ಗಾಳಿ ಬರುವ ಬಾಯಿಯಲ್ಲಿ ಬಿಳಿ ಪುಡಿ. ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ಮೇಲೆ ಇಟ್ಟುಕೊಂಡ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ.

ಗೊತ್ತಾಗಿ ಹೋಗಿತ್ತು. ಭಂಕೂರದ ನೀರಿನ ರುಚಿ ಅವನಿಗೆ ಗೊತ್ತಿಲ್ಲವೇ? ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದ.

ಗುರುಲಿಂಗಯ್ಯ ಸರ್ ಏನಾಯಿತು ಅಂತ ಓಡಿ ಬಂದರು. ಬೈಗುಳ ಬೀಳುತ್ತದೆ ಅಂತ ನಾನು ತಲೆ ಬಗ್ಗಿಸಿ ನಿಂತೆ. ಮೌಲಾಲಿ ಹೇಳಿದ:

"ನಂದೇ ತಪ್ಪಾಗ್ಯಾದ್ರಿ ಸರ್. ಜ್ವರದಾಗ ಮುಚ್ಚಳಾ ಹಾಕೋದು ಮರ್ತೀನಿ."

ಇನ್ನೊಂದು ಸೆಟ್ಟು ಕಲಬುರಗಿಯಿಂದ ಬರಬೇಕಾಯಿತು. ನಾಲ್ಕು ತಾಸು. ನಾಲ್ಕು ತಾಸು ಸಾಬಮ್ಮನವರು ಆ ಕಾದ ಕಲ್ಲಿನ ಮೇಲೆ ನೀರು ನೋಡುತ್ತ ಕುಳಿತರು. ಅವರ ಮನೆಯವರು ಬಂದು ಮೌಲಾಲಿಯ ಮುಖಕ್ಕೇ ಬೈದರು. ಅವನು ಕೈ ಮುಗಿದುಕೊಂಡು ನಿಂತ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಅವತ್ತು ನನಗೆ ಏನನ್ನಿಸಿತು ಗೊತ್ತೇ? ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಎಂಥ ಮನುಷ್ಯ ಇವನು! ಸಮುದ್ರ ಇವನಿಗೆ, ಬ್ಯಾಗು ಇವನಿಗೆ, ಹೆಸರು ಇವನಿಗೆ. ನನ್ನದು ಅಂತ ಇದ್ದದ್ದು ಒಂದೇ ಒಂದು ತಪ್ಪು, ಅದನ್ನೂ ಇವನೇ ತೆಗೆದುಕೊಂಡ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಒಮ್ಮೆ ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹನ್ನೆರಡು ದಿನದ ಹಿಂದೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಲ್ಲೇ ಅವನ ಎದೆ ನಿಂತಿತು. ನಾನು ಓಡಿ ಹೋದಾಗಲೂ ಬ್ಯಾಗು ತೊಡೆಯ ಮೇಲೇ ಇತ್ತು, ಎರಡೂ ಕೈ ಅದರ ಮೇಲಿದ್ದವು. ಒಂದೊಂದೇ ಬೆರಳು ನಾನೇ ಬಿಡಿಸಿದೆ.

ಈಗ ಸ್ವಲ್ಪ ಹೊತ್ತಿನ ಹಿಂದೆ ಗುರುಲಿಂಗಯ್ಯ ಸರ್ ಘೋಷಣೆ ಮಾಡಿದರು, ಬ್ಯಾಗು ಇನ್ನು ಮುಂದೆ ಭೀಮಶ್ಯಾನ ಹತ್ತಿರ ಇರಲಿ ಅಂತ. ನೀವು ಚಪ್ಪಾಳೆ ತಟ್ಟಿದಿರಿ. ಇದಕ್ಕಾಗಿ ನಾನು ಎಷ್ಟು ವರ್ಷ ಉರಿದಿದ್ದೇನೆ! ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದೆ, ಖರೆ ಹೇಳುತ್ತೇನೆ. ಆದರೆ ಸಾಬಮ್ಮನವರು ಒಳಗೆ ಬಂದು, ಅವತ್ತು ಬೈಸಿಕೊಂಡವನ ಫೋಟೋಕ್ಕೆ ಹೂವಿಟ್ಟು ಕೈ ಮುಗಿದರು. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

ಸಾಬಮ್ಮನವರೇ, ನಿಮ್ಮನ್ನು ಆ ಕಲ್ಲಿನ ಮೇಲೆ ಕೂರಿಸಿದವನು ನಾನು. ಆಶಾಬಿ ಅಕ್ಕ, ನಿನ್ನ ಗಂಡ ಮುಚ್ಚಳ ಮರೆತವನಲ್ಲ. ಮೌಲಾಲಿ — ನನ್ನ ತಪ್ಪು ಮೂರು ವರ್ಷ ನಿನ್ನ ಹತ್ತಿರ ಇತ್ತು. ನನಗೆ ವಾಪಸ್ ಕೊಡು. ಅದು ನನ್ನದು.

ಬ್ಯಾಗು ಯಾರಿಗೆ ಅಂತ ಇದಾದ ಮೇಲೆ ಇನ್ನೊಮ್ಮೆ ಯೋಚನೆ ಮಾಡಿರಿ, ಸರ್. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಒಂದು ನಿಮಿಷ ಮೌನ. ಒಂದೇ ಮಾತು — ನಮ್ಮ ಕೆಲಸದ ಮೊದಲ ಪಾಠ ಅದು, ಸಿಲಿಂಡರಿನ ಗಾಳಿ ಹಿಡಿದಿಟ್ಟುಕೊಂಡು ಮೇಲೆ ಬಂದರೆ ಎದೆ ಒಡೆಯುತ್ತದೆ; ನಾನು ನೀರಿಗಿಳಿಯುವ ಮೊದಲು ಪ್ರತಿ ಸಲ ನನ್ನ ಹೆಗಲು ಮುಟ್ಟಿ ಅವನು ಅದನ್ನೇ ಹೇಳುತ್ತಿದ್ದ. ಸೇಡಂ ಖಣಿಯ ಆ ದಿನದ ಮೇಲೂ, ಬಿಳಿ ಪುಡಿ ಮುಟ್ಟಿದ ಅದೇ ಕೈಯಿಂದ ಮುಟ್ಟಿ ಹೇಳುತ್ತಿದ್ದ:

"ಉಸಿರು ಹಿಡೀಬ್ಯಾಡ ಭೀಮಶ್ಯಾ. ಬಿಡಕೋತ ಇರು."

ಮಾತು ನಿಲ್ಲಿಸಿ. ಉಸಿರು ಹಿಡಿಯಬೇಡಿ. ಏಳಿ.