ಏಳರಿಂದ ಗುಣಿಸಿದರೆ

ಊರೂರಲ್ಲೂ ರೇಷ್ಮೆ ಬಿಟ್ಟು ಬೇರೆ ಮಾತಿಲ್ಲದ ಕಾಲ. ರಾಮನಗರದಲ್ಲಿ ಗೂಡು ಮಾರಿ, ಕನಕಪುರದಲ್ಲಿ ದೊಡ್ಡಆಲಹಳ್ಳಿ ಬಸ್ಸು ಹತ್ತಿದ ಲಕ್ಕಯ್ಯನ ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಇಬ್ಬರು ಕೂತಿದ್ದರು. ಸೊಸೆ ಟಿಕೆಟ್ಟಿನ ನಂಬರು ನೋಡಿ ನಕ್ಕಳು.

“ಅತ್ತೆ, ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು! ನಮ್ಮ ಮೇಷ್ಟ್ರು ಹೇಳ್ಕೊಟ್ಟಿದ್ದ ನಂಬರು.”

“ಏನವ್ವಾ ಅದ್ರಲ್ಲಿ?”

“ಎರಡರಿಂದ ಗುಣಿಸಿ, ಮೂರರಿಂದ ಗುಣಿಸಿ, ಆರರ ಗಂಟ ಇವೇ ಆರು ಅಂಕಿ ಬತ್ತವೆ. ಜಾಗ ಬದ್ಲಾಯ್ತದೆ ಅಷ್ಟೇಯ.”

“ನಮ್ಮನೇಲಿ ಆರು ಜನ ಇದ್ದಂಗೆ.”

“ಊಂ.”

ಅತ್ತೆ ಬೆರಳು ಮಡಿಚಿ ಆರರವರೆಗೆ ಎಣಿಸಿ, ಏಳನೆಯ ಬೆರಳು ಹಿಡಿದಳು.

“ಏಳರಿಂದ ಗುಣಿಸಿದ್ರೆ? ಕೆಟ್ಟೋಯ್ತದಾ?”

“ಇಲ್ಲ ಅತ್ತೆ. ಆರಕ್ಕಾರೂ ಒಂಬತ್ತೇ ಆಗ್ಬುಡ್ತವೆ. ಹೆಚ್ಚು ಕಮ್ಮಿ ಅನ್ನೋದೇ ಇಲ್ಲ.”

“ಗಂಡ ಹೋದ್ಮೇಲೆ ನಿನ್ನ ನಾದಿನಿ ದಾಸಮ್ಮ ಒಬ್ಬಳೇ ಆಗ್ಬುಟ್ಲು ಕಣವ್ವ. ಕರ್ಕಬರನಾ ಅಂತ ನಿನ್ನ ಕೇಳಕ್ಕೆ ಬಾಯೇ ಬರ್ನಿಲ್ಲ.”

“ಹುಳಕ್ಕೆ ಸೊಪ್ಪು ಹಾಕಕ್ಕೆ ನಮಗೂ ಒಂದು ಕೈ ಬೇಕು. ಅವರೂರು ಬಂತು, ಏಳಿ ಅತ್ತೆ.”

ದೊಡ್ಡಆಲಹಳ್ಳಿಗೆ ಟಿಕೆಟ್ ತಗೊಂಡಿದ್ದವರು ನಡುದಾರಿಯಲ್ಲೇ ಇಳಿದರು. ಅವರ ಖಾಲಿ ಮಂಕರಿ ಬುಟ್ಟಿ ಸೀಟಿನ ಕೆಳಗೇ ಉಳಿದಿತ್ತು. ಲಕ್ಕಯ್ಯ ಅದನ್ನೆತ್ತಿಕೊಂಡು ಬಾಗಿಲಿಗೆ ಓಡಿದ.

“ತಗಳವ್ವಾ, ದಾಸಮ್ಮನ ಬಟ್ಟೆಬರೆ ತುಂಬ್ಕಬರಕ್ಕೆ ಬೇಕಾಯ್ತದೆ.”