ಹೊಲಿಗೆ ಮಿಷನ್ನಿನ ಸದ್ದು

ಪಾಳಿ ಮುಗಿಸಿ ಬಂದ ನರ್ಸಮ್ಮ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದ ದರ್ಜಿಯೊಬ್ಬ, ಕಾಲೇಜು ಯೂನಿಫಾರ್ಮಿನಲ್ಲಿದ್ದ ಅವನ ಮಗಳು. ಕಣ್ಣು ಮುಚ್ಚಬಹುದು, ಕಿವಿ ಮುಚ್ಚಲಾದೀತೇ?

"ನಿಮ್ಮ ಸರ್ ನನ್ನ ಕರೆಸಿ ನಿನ್ನ ಹೊಗಳಿದ್ದೇ ಹೊಗಳಿದ್ದು. ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟಲ್ಲಿ ನೀನೇ ಫಸ್ಟಂತೆ."

"ಹೂಂ."

"ನಮ್ಮ ಅಂಗಡಿ ಬಗ್ಗೇನೇ ಬರ್ದಿದೀಯಂತೆ. ಕೊನೇಲಿ ಏನಂತ ಬರ್ದೆ?"

"ಮುಚ್ಚೋದೇ ವಾಸಿ ಅಂತ."

ದರ್ಜಿ ಮಗಳ ಕಡೆ ತಿರುಗಿ ಕೂತ.

"ವಾರವಿಡೀ ಕೂತು ನೋಡಿದ್ನಲ್ಲಪ್ಪ. ಹೊಸ ಬಟ್ಟೆ ಹೊಲಿಸೋಕೆ ಒಬ್ರೂ ಬರ್ಲಿಲ್ಲ. ಬಂದೋರೆಲ್ಲ ರೆಡಿಮೇಡ್ ಪ್ಯಾಂಟಿನ ಉದ್ದ ಕಮ್ಮಿ ಮಾಡಿಸ್ಕೊಂಡು ಹೋದ್ರು."

"ನಂಗೇನು ಕಣ್ಣಿಲ್ವಾ? ಮಧ್ಯಾಹ್ನ ನಾನು ಬಟ್ಟೆ ಇಡ್ದೆ ಬರೀ ಮಿಷನ್ ತುಳೀತಿರ್ತೀನಲ್ಲ, ಅದನ್ನೂ ಬರ್ದ್ಯಾ?"

"ಅದೊಂದು ಬಿಟ್ಟೆ."

"ಒಳ್ಳೇದಾಯ್ತು. ಮಹಡಿ ಮೇಲೆ ನಿಮ್ಮಮ್ಮಂಗೆ ಸದ್ದು ಕೇಳ್ತಿದ್ರೆ, ಕೆಲಸ ಇದೆ ಅಂತ ಧೈರ್ಯವಾಗಿರ್ತಾಳೆ. ಅವಳ ಹತ್ರ ಬಾಯಿ ಬಿಡ್ಬೇಡ."

"ಅಮ್ಮಂಗೆ ಗೊತ್ತಪ್ಪ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬಟ್ಟೆ ಇದ್ರೆ ಸದ್ದೇ ಬೇರೆಯಂತೆ."

ಬಸ್ಸು ಬಂತು. ದರ್ಜಿ ಮಂಡಿ ಹಿಡಿದುಕೊಂಡು ಎದ್ದ. ಮಗಳು ಅವನ ಕೊರಳಿನ ಟೇಪು ತೆಗೆದು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ಲು?" ಎಂದು ಮೆಟ್ಟಿಲ ಮೇಲೆ ಕಾಲಿಡುತ್ತಾ ಕೇಳಿದ.

"ದಿನಾ ಮಲಗೋ ಮುಂಚೆ ನಿನ್ನ ಮಂಡಿಗೆ ಎಣ್ಣೆ ತಿಕ್ತಾಳಲ್ಲ, ಆಗೆಲ್ಲ ಸುಮ್ಸುಮ್ನೆ ತುಳೀಬೇಡಿ ಅಂತ ಹೇಳ್ಬೇಕು ಅಂದ್ಕೋತಾಳಂತೆ, ನಿನ್ನ ಮುಖ ನೋಡಿ ಬಿಟ್ಬಿಡ್ತಾಳಂತೆ. ಹತ್ತಪ್ಪ, ಹಿಂದೆ ಜನ ಕಾಯ್ತಿದಾರೆ."