ಜೊತೆಗಿರುವ ದೊಡ್ಡವರು

ದೀಪ ಆರಿಸ್ಬೇಡ, ಹಾಗೇ ಇರ್ಲಿ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಅವರಿವರು ಹೇಳಿದ್ದೂ ಅಲ್ಲ. ನನ್ನ ಚಿಕ್ಕಮ್ಮನ ಮಗಳಿಗೇ ಆಗಿದ್ದು. ನಂಬೋರು ನಂಬಿ, ಬಿಡೋರು ಬಿಡಿ. ಮಧ್ಯೆ ಕಿಸಕ್ ಅಂತ ನಗೋರಿದ್ರೆ ಮಾತ್ರ ಈಗಲೇ ಎದ್ದು ಹೋಗಿ ಮಲಗಿ.

ನನ್ನ ತಂಗಿ, ಅಂದ್ರೆ ಈ ಚಿಕ್ಕಮ್ಮನ ಮಗಳು, ವಿಮಾನ ನಿಲ್ದಾಣದ ಲೌಂಜಿನಲ್ಲಿ ಕೆಲಸಕ್ಕಿದ್ಲು. ಲೌಂಜ್ ಅಂದ್ರೆ, ವಿಮಾನಕ್ಕೆ ಕಾಯೋರು ಪಾಸ್ ತೋರಿಸಿ ಒಳಗೆ ಹೋಗಿ, ಮೆತ್ತನೆ ಕುರ್ಚಿಯಲ್ಲಿ ಕೂತು, ತಿಂದು ಕುಡಿದು ಕಾಲು ಚಾಚೋ ಜಾಗ. ಬಾಗಿಲ ಹತ್ರ ಕಂಪ್ಯೂಟರ್ ಮುಂದೆ ಕೂತು ಪಾಸ್ ನೋಡಿ ಒಳಗೆ ಬಿಡೋದು ಇವಳ ಕೆಲಸ. ರಾತ್ರಿ ಒಂದಕ್ಕೆ ಲೌಂಜ್ ಮುಚ್ಚಿದ ಮೇಲೆ ನೌಕರರ ಬಸ್ಸು ಹತ್ತಿ, ದೊಡ್ಡ ರಸ್ತೆಯಲ್ಲಿ ಇಳಿದು, ಹತ್ತು ನಿಮಿಷ ನಡೆದು ಮನೆ ಸೇರ್ತಿದ್ಲು. ದಾರಿಯಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷ ಆಗಿ, ಮೇಲೆ ಚಪ್ಪಡಿ ಮುಚ್ಚಿದ್ರು.

ಅವತ್ತು ಬಾವಿ ದಾಟ್ತಿದ್ದಾಗ... ಹಿಂದಿನಿಂದ ಸದ್ದು.

ಗರ್ರ್... ಟಕ್. ಗರ್ರ್... ಟಕ್.

ಸೂಟ್‌ಕೇಸ್ ಎಳೆಯೋ ಸದ್ದು. ಎರಡು ಚಕ್ರದಲ್ಲಿ ಒಂದು ಮುರಿದಿದ್ರೆ ಹಾಗೆ ಬರುತ್ತೆ. ಇವಳು ನಿಂತ್ಲು. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಲು. ಗರ್ರ್... ಟಕ್. ತಿರುಗಿ ನೋಡಿದ್ರೆ ಯಾರೂ ಇಲ್ಲ. ಬೀದಿದೀಪದ ಕೆಳಗೆ ಚಪ್ಪಡಿ ಮಾತ್ರ. ಆಮೇಲೆ ಕಿವಿ ಪಕ್ಕದಲ್ಲೇ, ಪಿಸುಮಾತಲ್ಲಿ:

"ಅಕ್ಕಾ... ಯಾರ ಜೊತೆ ಅಂತ ಬರ್ಕೊಂಡ್ರಿ?"

ಇವಳು ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ಲು. ಯಾಕಂದ್ರೆ ಆ ದನಿ ಇವಳಿಗೆ ಗೊತ್ತಿತ್ತು. ಆ ಚಕ್ರದ ಸದ್ದೂ ಗೊತ್ತಿತ್ತು. ಹನ್ನೊಂದು ದಿನದ ಹಿಂದೆ ಎರಡನ್ನೂ ಕೇಳಿದ್ಲು.

ಆ ಕತೆ ಮೊದಲು ಹೇಳ್ತೀನಿ.

ಲೌಂಜಿಗೆ ಒಬ್ಬ ಸೂಪರ್‌ವೈಸರ್ ಇದ್ದ. ಎದುರಿಗೆ ಸರ್ ಸರ್ ಅಂದ್ರೂ ಬೆನ್ನ ಹಿಂದೆ ಎಲ್ಲರೂ ಅವನನ್ನ 'ಕಾಯ್ದೆ' ಅಂತಿದ್ರು. ಎದ್ರೆ ಒಂದು ರೂಲು, ಕೂತ್ರೆ ಒಂದು ರೂಲು. ದೊಡ್ಡ ಮನುಷ್ಯರು ಬಂದ್ರೆ ಮಾತ್ರ ಬೆನ್ನು ಬಿಲ್ಲಾಗೋದು, ಆಗ ಯಾವ ರೂಲೂ ನೆನಪಿರ್ತಿರ್ಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನೋ ಜಾತಿಯವನು.

ಅಲ್ಲಿನ ರೂಲು ಹೀಗೆ. ಹದಿನೆಂಟು ತುಂಬದವರು ಒಬ್ಬರೇ ಲೌಂಜಿಗೆ ಬರೋ ಹಾಗಿಲ್ಲ. ಅವರ ಪಾಸ್ ಒತ್ತಿದ ಕೂಡಲೇ ಪರದೆ ಮೇಲೆ ಒಂದು ಖಾಲಿ ಜಾಗ ಬರುತ್ತೆ: 'ಜೊತೆಗಿರುವ ದೊಡ್ಡವರು'. ಅಲ್ಲಿ ಯಾರಾದ್ರೂ ದೊಡ್ಡವರ ಪಾಸ್ ನಂಬರ್ ತುಂಬಬೇಕು. ನೌಕರರೇ ಕೈ ಹಿಡಿದು ಕರ್ಕೊಂಡು ಹೋಗೋದಾದ್ರೆ ನೌಕರರ ನಂಬರ್. ತುಂಬಿದ್ರೆ ಬಾಗಿಲು ತೆಗೆಯುತ್ತೆ, ಇಲ್ದಿದ್ರೆ ಇಲ್ಲ. ಇನ್ನೊಂದು ರೂಲೂ ಇದೆ, ಅದನ್ನ ನೆನಪಿಟ್ಕೊಳ್ಳಿ. ರಾತ್ರಿ ಮುಚ್ಚೋ ಮುಂಚೆ ಪರದೆ ಮೇಲೆ 'ಒಳಗಿರುವವರು: 0' ಅಂತ ಬರ್ಲೇಬೇಕು. ಸೊನ್ನೆ ಬರದೆ ದೀಪ ಆರಿಸೋ ಹಾಗಿಲ್ಲ, ಬೀಗ ಹಾಕೋ ಹಾಗಿಲ್ಲ.

ಆ ರಾತ್ರಿ ಮಂಜು ಕವಿದು ವಿಮಾನ ಎಲ್ಲ ನಿಂತಿದ್ವು. ಹನ್ನೊಂದು ಐವತ್ತಕ್ಕೆ ಒಬ್ಬ ಹುಡುಗಿ ಬಂದ್ಲು. ಹದಿನೈದು ವರ್ಷ, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಒಂದೇ ಜಡೆ, ಹಸಿರು ಸೂಟ್‌ಕೇಸು. ಒಂದು ವಿಮಾನ ಇಳಿದು ಇನ್ನೊಂದು ಹತ್ತಬೇಕಿತ್ತು, ಅದು ಬೆಳಗಿನ ಜಾವಕ್ಕೆ ಮುಂದೂಡಿತ್ತು. ಮಗಳು ಒಬ್ಬಳೇ ಹೊರಗೆ ಕೂರಬಾರದು ಅಂತ ಅವರಪ್ಪ ಮೊದಲೇ ಪಾಸ್ ಮಾಡಿಸಿ ಕಳಿಸಿದ್ರು. ಪಾಪ, ಅವರಿಗೆ ಈ ವಯಸ್ಸಿನ ರೂಲು ಗೊತ್ತಿಲ್ಲ. ವಿಮಾನದಲ್ಲಿ ಒಬ್ಬಳೇ ಆಕಾಶ ದಾಟೋಕೆ ಹದಿನೈದು ಸಾಕು, ಒಂದು ಕುರ್ಚಿ ಮೇಲೆ ಕೂರೋಕೆ ಹದಿನೆಂಟಾಗಬೇಕು ಅಂದ್ರೆ ಯಾವ ಅಪ್ಪನಿಗೆ ಹೊಳೆಯುತ್ತೆ ಹೇಳಿ?

ತಂಗಿ ಪಾಸ್ ಒತ್ತಿದ್ಲು. ಟೀಂವ್... ಖಾಲಿ ಜಾಗ ಬಂತು. "ನಿನ್ನ ಜೊತೆ ದೊಡ್ಡವರು ಯಾರಮ್ಮಾ?"

"ಯಾರೂ ಇಲ್ಲ ಅಕ್ಕ. ನನಗೆ ಸಕ್ಕರೆ ಕಾಯಿಲೆ. ಊಟ ಸಿಗುತ್ತೆ ಅಂತ ಇಂಜೆಕ್ಷನ್ ತಗೊಂಡ್ಬಿಟ್ಟೆ. ಈಗ ಏನಾದ್ರೂ ತಿನ್ನಲೇಬೇಕು. ಹೊರಗೆ ಅಂಗಡಿ ಎಲ್ಲ ಶಟರ್ ಎಳೆದಿದ್ದಾರೆ. ಕೈ ನಡುಗ್ತಿದೆ ನೋಡಿ."

ನಿಜವಾಗ್ಲೂ ನಡುಗ್ತಿತ್ತು. ತಂಗಿ ತನ್ನ ನಂಬರ್ ತುಂಬೋಕೆ ಬೆರಳಿಟ್ಲು. ಅಷ್ಟರಲ್ಲಿ ಕಾಯ್ದೆ ಬಂದು ಹಿಂದೆ ನಿಂತ. "ನಿನ್ನ ನಂಬರ್ ಹಾಕಿದ್ರೆ ನಾಳೆಯಿಂದ ಬರ್ಬೇಡ" ಅಂದ. ಇವಳ ಸಂಬಳದಲ್ಲೇ ಮನೆ ನಡೀಬೇಕು. ಇವಳು ಬೆರಳು ತೆಗೆದ್ಲು... ಅದೊಂದು ಬೆರಳು ತೆಗೆದಿದ್ದಕ್ಕೆ ಇವತ್ತಿಗೂ ಅಳ್ತಾಳೆ.

"ಸರ್, ಒಳಗೆ ಬೇಡ. ಒಂದು ಲೋಟ ಜ್ಯೂಸ್ ಇಲ್ಲೇ ಕೊಡಿ" ಅಂದ್ಲು ಹುಡುಗಿ.

"ಒಳಗಿನದು ಹೊರಗೆ ಕೊಡೋ ಹಾಗಿಲ್ಲ."

ಹುಡುಗಿ ಒಂದು ಗಳಿಗೆ ಯೋಚನೆ ಮಾಡಿದ್ಲು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ್ಲು: "ಸರ್, ನೀವೇ ದೊಡ್ಡವರಲ್ವಾ? ನಿಮ್ಮ ಜೊತೆ ಅಂತ ಬರ್ಕೊಳ್ಳಿ."

ಅವನು ನಕ್ಕ. "ನಾನೇನು ನಿಮ್ಮಪ್ಪನಾ? ಹೋಗು, ಅಲ್ಲಿ ಕೂತ್ಕೋ."

ಬಾಗಿಲ ಎದುರಿಗೆ ಕಬ್ಬಿಣದ ಕುರ್ಚಿ ಸಾಲು. ಗರ್ರ್... ಟಕ್. ಹೋಗಿ ಕೂತ್ಲು. ಒಂದು ಗಂಟೆಗೆ ತಂಗಿ ಹೊರಗೆ ಬಂದಾಗ ಸೂಟ್‌ಕೇಸ್ ಮೇಲೆ ತಲೆ ಇಟ್ಟಿದ್ಲು. "ನಿದ್ದೆ ಹೋಗಿದಾಳೆ ಅಂದ್ಕೊಂಡೆ ಅಕ್ಕ" ಅಂತ ನನ್ನ ಹತ್ರ ಎಷ್ಟು ಸಲ ಹೇಳಿದಾಳೋ. ಬೆಳಿಗ್ಗೆ ಗುಡಿಸೋಳು ಭುಜ ಅಲುಗಿಸಿದಾಗ... ಜೀವ ಹೋಗಿತ್ತು.

ಮೂರನೇ ದಿನ ಅವರಪ್ಪ ಬಂದ್ರು. ಅಷ್ಟರಲ್ಲಿ ಕಾಯ್ದೆ ಎಲ್ಲ ಒರೆಸಿ ಕೂತಿದ್ದ. ಪಾಸ್ ಒತ್ತಿದ ದಾಖಲೆ ಇಲ್ಲ. ಕ್ಯಾಮೆರಾ ಕೆಟ್ಟಿತ್ತಂತೆ. "ಈ ಬಾಗಿಲಿಗೆ ಅಂಥ ಹುಡುಗಿ ಬಂದೇ ಇಲ್ಲ" ಅಂದ. ಅಪ್ಪ ನನ್ನ ತಂಗಿ ಕಡೆ ನೋಡಿದ್ರು. ಇವಳು ತಲೆ ತಗ್ಗಿಸಿ... ಅವನು ಹೇಳಿದ್ದೇ ಹೌದು ಅಂತ ಅಲ್ಲಾಡಿಸಿದ್ಲು.

ಆ ಮನುಷ್ಯ ಏನಂದ್ರು ಗೊತ್ತಾ? "ಕೇಳೋಕೆ ನಾಚಿಕೆ ಪಟ್ಟಿರ್ಬೇಕು ನನ್ನ ಮಗಳು. ಬಂದು ಕೇಳಿದ್ದಿದ್ರೆ ನೀವು ಕೊಡದೇ ಇರ್ತಿದ್ರಾ" ಅಂದ್ರು. ಅಂದು, ಕಾಯ್ದೆಗೆ ಕೈ ಮುಗಿದು ಹೋದ್ರು. ಅವನೂ ತಿರುಗಿ ಕೈ ಮುಗಿದ! ಇದನ್ನ ಹೇಳುವಾಗ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ.

ಸರಿ, ಬಾವಿ ಹತ್ರ ಸದ್ದು ಕೇಳಿದ್ದು ಇದಾದ ಮೇಲೆ.

ಮರುದಿನ ರಾತ್ರಿ ಹನ್ನೊಂದು ಐವತ್ತು. ಬಾಗಿಲಲ್ಲಿ ಯಾರೂ ಇಲ್ಲ. ಟೀಂವ್... ಅಂತ ಪರದೆ ತಾನಾಗೇ ತೆರೀತು. ವಯಸ್ಸು: 15. ಜೊತೆಗಿರುವ ದೊಡ್ಡವರು: ಖಾಲಿ. ಆ ಖಾಲಿ ಜಾಗದಲ್ಲಿ ಸಣ್ಣ ಗೆರೆ ಮಿಣುಕ್ ಮಿಣುಕ್ ಅಂತಿದೆ. ಇವಳು ಕ್ಯಾನ್ಸಲ್ ಒತ್ತಿದ್ಲು. ಆ ರಾತ್ರಿ ಸದ್ದು ಬಾವಿ ಹತ್ರ ನಿಲ್ಲಲಿಲ್ಲ. ಮನೆ ಬೀದಿಯ ತಿರುವಿನವರೆಗೂ ಬಂತು. ಅದರ ಮಾರನೇ ರಾತ್ರಿಯೂ ಪರದೆ ತೆರೀತು, ಇವಳೂ ಕ್ಯಾನ್ಸಲ್ ಒತ್ತಿದ್ಲು. ಅವತ್ತು ಸದ್ದು ಇವಳ ಹಿಂದೆ ಬರಲೇ ಇಲ್ಲ. ಬದುಕಿದೆಯಾ ಬಡಜೀವವೇ ಅಂತ ಮಲಗಿದ್ಲು.

ಬೆಳಿಗ್ಗೆ ಚಿಕ್ಕಮ್ಮ ಕಾಫಿ ಸೋಸ್ತಾ ಹೇಳಿದ್ರು: "ರಾತ್ರಿ ನೀನು ಬರೋಕೆ ಮುಂಚೆ ಯಾವುದೋ ಹುಡುಗಿ ಬಾಗಿಲು ತಟ್ಟಿದ್ಲು ಕಣೇ. ಒಳ್ಳೆ ಹುಡುಗಿ, ಪಾಪ. 'ಆಂಟಿ, ನನಗೆ ಒಬ್ಬರು ದೊಡ್ಡವರು ಬೇಕು, ನನ್ನ ಜೊತೆ ಬರ್ತೀರಾ' ಅಂತ ಕೇಳಿದ್ಲು."

ತಂಗಿ ಅಮ್ಮನ ಕೈ ಹಿಡ್ಕೊಂಡ್ಲು. "ನೀನೇನಂದೆ ಅಮ್ಮ?"

"ಇವತ್ತು ಮಂಡಿ ನೋವು, ನಾಳೆ ಖಂಡಿತ ಬರ್ತೀನಿ ಅಂದೆ. ಯಾಕೆ?"

ಕೇಳಿದ್ರಾ? ನಾಳೆ ಖಂಡಿತ ಬರ್ತೀನಿ. ಮಾತು ಕೊಟ್ಟಾಗಿತ್ತು. ಆ ನಾಳೆ ಅಂದ್ರೆ ಅವತ್ತೇ ರಾತ್ರಿ.

ತಂಗಿ ನನಗೆ ಫೋನ್ ಮಾಡಿದ್ಲು. ನಾನು ಹೋಗಿ ಚಿಕ್ಕಮ್ಮನ ಜೊತೆ ಮಲಗಿದೆ. ಬಾಗಿಲಿಗೆ ಎರಡು ಚಿಲಕ ಹಾಕಿದೆ, ಕಿಟಕಿಯನ್ನೂ ಮುಚ್ಚಿದೆ. ಚಿಕ್ಕಮ್ಮ ನಿದ್ದೆಯಲ್ಲಿದ್ರು. ಹನ್ನೊಂದೂವರೆಗೆ ಎದ್ದು ಕೂತ್ರು. ಕಣ್ಣು ಮುಚ್ಚೇ ಇತ್ತು. ಮಂಡಿ ನೋವಿನವರು, ಗೋಡೆ ಹಿಡೀದೆ ನಡೆದು ಹೋಗಿ ಮೇಲಿನ ಚಿಲಕ ತೆಗೆದ್ರು. ನಾನು ಸೊಂಟ ಹಿಡಿದು ಎಳೀತಿದ್ದೀನಿ, ಅವರು ಜಗ್ಗಲ್ಲ. ಬಾಗಿಲಾಚೆ... ಗರ್ರ್... ಟಕ್. ಇದನ್ನ ನಾನೇ ಕೇಳಿದ್ದು, ಈ ಎರಡು ಕಿವಿಯಲ್ಲಿ.

ಅತ್ತ ಲೌಂಜಿನಲ್ಲಿ ಪ್ರಯಾಣಿಕರೆಲ್ಲ ಹೊರಟು ಹೋಗಿದ್ರು. ಹನ್ನೊಂದು ಐವತ್ತು. ಟೀಂವ್... ಗಾಜಿನ ಬಾಗಿಲ ಹೊರಗೆ ಯಾರೂ ಇಲ್ಲ. ಆದ್ರೆ ಗಾಜಿನ ಮೇಲೆ, ಒಬ್ಬ ಹುಡುಗಿಯ ಬಾಯಿ ಬರೋ ಎತ್ತರದಲ್ಲಿ, ಉಸಿರು ಬಿಟ್ಟ ಹಾಗೆ ಮಂಜು ಮೂಡೋದು, ಅಳಿಸೋದು... ಮೂಡೋದು, ಅಳಿಸೋದು.

"ಅಕ್ಕಾ... ಯಾರ ಜೊತೆ?"

ತಂಗಿ ಅವನಿಗೂ ಒಂದು ಅವಕಾಶ ಕೊಟ್ಲು. ಅದನ್ನ ಮರೀಬೇಡಿ. "ಸರ್" ಅಂತ ಕರೆದ್ಲು. "ಆ ಹುಡುಗಿ ಬಂದಿದ್ಲು ಅಂತ ಬರೆದುಬಿಡೋಣ. ಅವರಪ್ಪನಿಗೆ ನಿಜ ಹೇಳೋಣ. ಕಾಲಿಗೆ ಬೀಳ್ತೀನಿ ಸರ್."

ಕಾಯ್ದೆ ಬಂದು ಪರದೆ ನೋಡಿದ. ಗಾಜು ನೋಡಿದ. ಮುಖ ಬಿಳಿಚಿಕೊಂಡಿತು. ಆದ್ರೂ ನಾಲಿಗೆ ಮಾತ್ರ ಬದಲಾಗ್ಲಿಲ್ಲ.

"ಯಾವ ಹುಡುಗಿ? ಈ ಬಾಗಿಲಿಗೆ ಯಾರೂ ಬಂದಿಲ್ಲ. ಕ್ಯಾನ್ಸಲ್ ಒತ್ತು."

ಇವಳ ಕಣ್ಣ ಮುಂದೆ ಆ ಅಪ್ಪ ಕೈ ಮುಗಿದಿದ್ದು ಬಂತಂತೆ. ಆಮೇಲೆ ಕಾಫಿ ಸೋಸೋ ಅಮ್ಮ. ಆ ಖಾಲಿ ಜಾಗದಲ್ಲಿ ನಾಲ್ಕು ಅಂಕಿ ಒತ್ತಿದ್ಲು. ತನ್ನದಲ್ಲ. ಅವನ ನಂಬರ್.

ಟಿಣ್. ಹಸಿರು ದೀಪ.

ಸುಯ್ಯ್... ಅಂತ ಬಾಗಿಲು ಸರಿಯಿತು. ಗರ್ರ್... ಟಕ್. ಗರ್ರ್... ಟಕ್. ಸದ್ದು ಒಳಗೆ ಬಂದು ಅವನ ಪಕ್ಕ ನಿಂತಿತು. ಅವನ ಎಡಗೈ ತಾನಾಗೇ ಪಕ್ಕಕ್ಕೆ ಚಾಚಿತು, ಯಾರೋ ಹಿಡ್ಕೊಂಡ ಹಾಗೆ ಬೆರಳು ಮಡಚಿತು.

"ಬನ್ನಿ ಸರ್" ಅಂತು ದನಿ. ಅದೇ ಮರ್ಯಾದೆ. "ನೀವು ಜೊತೆಗಿದ್ರೆ ಬಿಡ್ತಾರೆ."

"ಬಿಡಿಸು" ಅಂದ ನನ್ನ ತಂಗಿಗೆ. ಪಿಸುಗುಟ್ಟಿದ ಅಷ್ಟೇ, ಕೂಗೋಕಾಗ್ಲಿಲ್ಲ. "ಕ್ಯಾನ್ಸಲ್ ಒತ್ತೇ..."

ಇವಳು ಕೈ ಕಟ್ಕೊಂಡು ನಿಂತ್ಲು. "ಒಳಗೆ ಹೋದವರನ್ನ ಕ್ಯಾನ್ಸಲ್ ಮಾಡೋ ಹಾಗಿಲ್ಲ ಸರ್. ರೂಲು" ಅಂದ್ಲು.

ಮೂಲೆಯ ಮೇಜಿನ ತನಕ ಅವನ ಬೂಟು ನೆಲ ಕೆರೀತಾ ಹೋಗಿದ್ದು ನೋಡಿದ್ಲು. ಅಲ್ಲಿಗೆ ದೀಪ ಒಂದು ಸಲ ಪಕ್ ಅಂತು. ಇವಳು ಓಡಿ ಹೋಗಿ ಕಾವಲಿನವನನ್ನ ಕರ್ಕೊಂಡು ಬಂದ್ಲು, ಎರಡು ನಿಮಿಷ ಆಗಿರ್ಬಹುದು. ಒಳಗೆ ಯಾರೂ ಇಲ್ಲ. ಆ ಲೌಂಜಿಗೆ ಇರೋದು ಒಂದೇ ಬಾಗಿಲು. ಮೂಲೆ ಮೇಜಿಗೆ ಎರಡು ಕುರ್ಚಿ ಎಳೆದಿತ್ತು. ಒಂದು ಲೋಟದ ಜ್ಯೂಸ್ ಪೂರ್ತಿ ಖಾಲಿ. ಇನ್ನೊಂದು ಮುಟ್ಟೇ ಇಲ್ಲ.

ಇತ್ತ ಮನೆಯಲ್ಲಿ ಅದೇ ಹೊತ್ತಿಗೆ ಚಿಕ್ಕಮ್ಮ ನನ್ನ ತೋಳಲ್ಲಿ ಕುಸಿದ್ರು. "ಅಯ್ಯೋ ಮಂಡಿ" ಅಂತ ಎಚ್ಚರ ಆದ್ರು. ಬಾಗಿಲಾಚೆ ಏನೂ ಇರ್ಲಿಲ್ಲ.

ಮಾರನೇ ದಿನ ತಂಗಿ ಆ ಅಪ್ಪನಿಗೆ ಫೋನ್ ಮಾಡಿದ್ಲು. ನಾನು ಪಕ್ಕದಲ್ಲೇ ಇದ್ದೆ. "ನಾನು ಸುಳ್ಳು ಹೇಳ್ದೆ ಅಪ್ಪಾ. ನಿಮ್ಮ ಮಗಳು ಬಂದಿದ್ಲು. ನಾಚಿಕೆ ಪಡಲಿಲ್ಲ, ಕೇಳಿದ್ಲು" ಅಂದ್ಲು. ಆಮೇಲೆ ಅವರು ಕೇಳಿದ್ದು ಒಂದೇ: "ಎಷ್ಟು ಸಲ ಕೇಳಿದ್ಲು?"

"ಮೂರು ಸಲ."

ಫೋನ್ ಇಟ್ರು. ತಂಗಿ ಅವತ್ತೇ ಕೆಲಸ ಬಿಟ್ಲು.

ಕಾಯ್ದೆ ಏನಾದ ಅಂತ ಪೊಲೀಸರು ಹುಡುಕಿದ್ರು. ಬಾಗಿಲ ಕ್ಯಾಮೆರಾ ಆ ರಾತ್ರಿ ಸರಿಯಾಗೇ ಇತ್ತು. ಅವನು ಎಡಗೈ ಚಾಚ್ಕೊಂಡು ಒಳಗೆ ಹೋಗೋದು ಅದರಲ್ಲಿದೆ. ಹೊರಗೆ ಬರೋದು ಇಲ್ಲ. ಅಯ್ಯೋ ಪಾಪ ಅನ್ನಿಸಲ್ವಾ ಅಂತ ಯಾರೋ ನನ್ನ ಕೇಳಿದ್ರು. ಇಲ್ಲಪ್ಪ. ಮಾಡಿದ್ದುಣ್ಣೋ ಮಹರಾಯ.

ಇದಕ್ಕೆ ಬಣ್ಣ ಕಟ್ಟಿ ನನಗೇನಾಗಬೇಕು? ಬೇಕಾದ್ರೆ ಹೋಗಿ ನೋಡಿ. ಕಂಪ್ಯೂಟರ್ ಎರಡು ಸಲ ಬದಲಾಯಿಸಿದ್ರಂತೆ. ಈಗಲೂ ರಾತ್ರಿ ಒಂದಕ್ಕೆ ಕೊನೆಯ ಪ್ರಯಾಣಿಕ ಹೊರಗೆ ಬಂದ ಮೇಲೆ, ಖಾಲಿ ಲೌಂಜಿನ ಪರದೆ ಮೇಲೆ ಸೊನ್ನೆ ಬರಲ್ಲ. 'ಒಳಗಿರುವವರು: 2' ಅಂತಲೇ ಇರುತ್ತೆ. ಹಾಗಾಗಿ ಬೀಗ ಹಾಕಲ್ಲ. ದೀಪ ಬೆಳಗಿನ ತನಕ ಉರೀತಾನೇ ಇರುತ್ತೆ.